ಪಾಸ್‌ಬುಕ್ಕಿನಲ್ಲಿ ಓಡಾಡುವ ಅಸಲು

ಸರಳಬಡ್ಡಿಯ ಸೂತ್ರ ಕಲಿಯದೆ ಪ್ರೌಢಶಾಲೆಗೆ ಬರುವ ಮಕ್ಕಳಿಲ್ಲ. ಅಸಲು, ಅವಧಿ, ದರ ಮೂರನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಮುಗಿಯಿತು, ಪೂರ್ಣ ಅಂಕ. ಆದರೆ ಮನೆಯ ಬೀರುವಿನಲ್ಲಿರುವ ಪಾಸ್‌ಬುಕ್ ತೆಗೆದು, ಮೂರು ತಿಂಗಳಿಗೊಮ್ಮೆ ಅದರಲ್ಲಿ ಮೂಡುವ ಬಡ್ಡಿ ಎಲ್ಲಿಂದ ಬಂತೆಂದು ಕೇಳಿದರೆ ಮಗನೂ ತಡವರಿಸುತ್ತಾನೆ, ತಂದೆಯೂ ತಡವರಿಸುತ್ತಾರೆ. ಪಠ್ಯಪುಸ್ತಕದ ಅಸಲು ವರ್ಷವಿಡೀ ಅಲುಗಾಡದೆ ಕುಳಿತಿರುತ್ತದೆ. ಉಳಿತಾಯ ಖಾತೆಯ ಅಸಲು ದಿನವೂ ಏರಿಳಿಯುತ್ತದೆ. ತೊಡಕಿರುವುದು ಇಲ್ಲೇ.

ದೇಶದ ಅತಿ ದೊಡ್ಡ ಬ್ಯಾಂಕಾದ ಭಾರತೀಯ ಸ್ಟೇಟ್ ಬ್ಯಾಂಕನ್ನೇ ಉದಾಹರಣೆಯಾಗಿ ನೋಡಬಹುದು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅದರಲ್ಲಿ ವಿಲೀನವಾದ ಮೇಲೆ ಕರ್ನಾಟಕದ ಎಷ್ಟೋ ಮನೆಗಳ ಹಳೆಯ ಖಾತೆಗಳು ಅಲ್ಲಿಗೇ ಸೇರಿವೆ. 2011ರ ಅಕ್ಟೋಬರ್‌ವರೆಗೆ ಉಳಿತಾಯ ಖಾತೆಯ ಬಡ್ಡಿದರವನ್ನು ರಿಸರ್ವ್ ಬ್ಯಾಂಕೇ ಗೊತ್ತುಪಡಿಸುತ್ತಿತ್ತು. ಆಗ ದರ ಶೇಕಡಾ 4. ಆಮೇಲೆ ದರ ನಿಗದಿಯ ಸ್ವಾತಂತ್ರ್ಯ ಬ್ಯಾಂಕುಗಳಿಗೇ ಸಿಕ್ಕಿತು. ಸ್ಟೇಟ್ ಬ್ಯಾಂಕಿನ ಸಾಮಾನ್ಯ ಗ್ರಾಹಕರ ಪಾಲಿಗೆ ದರ 2017ರಲ್ಲಿ 3.5ಕ್ಕೆ, 2020ರಲ್ಲಿ 2.70ಕ್ಕೆ, 2025ರ ಜೂನ್ 15ರಿಂದ 2.50ಕ್ಕೆ ಇಳಿಯಿತು. ಸ್ವಾತಂತ್ರ್ಯದ ಫಲ ಯಾರಿಗೆ ಸಂದಿತೆಂದು ಓದುಗರೇ ತೀರ್ಮಾನಿಸಲಿ.

ಈ ದರದಲ್ಲಿ ಒಂದು ಲಕ್ಷ ರೂಪಾಯಿ ಖಾತೆಯಲ್ಲಿ ಒಂದು ರಾತ್ರಿ ತಂಗಿದರೆ ಸಿಗುವ ಬಡ್ಡಿ 6 ರೂಪಾಯಿ 85 ಪೈಸೆ. ಡೆಬಿಟ್ ಕಾರ್ಡಿಗೆಂದು ವರ್ಷಕ್ಕೆ ತೆರಿಗೆ ಸೇರಿ 236 ರೂಪಾಯಿ ಕಡಿತವಾಗುವ ಖಾತೆಯಿದ್ದರೆ, ಮೊದಲ 9,440 ರೂಪಾಯಿಯ ಇಡೀ ವರ್ಷದ ಬಡ್ಡಿ ಅಲ್ಲಿಗೇ ಸರಿಹೋಯಿತು.

ಹಾಗಾದರೆ ಶೇಕಡಾ 4 ಕೊಡುವ ಅಂಚೆ ಕಚೇರಿಯ ಉಳಿತಾಯ ಖಾತೆಯೇ ಮೇಲಲ್ಲವೆ? ಅವಸರ ಬೇಡ. ಬ್ಯಾಂಕುಗಳು 2010ರ ಏಪ್ರಿಲ್ 1ರಿಂದ ಪ್ರತಿದಿನದ ಬಾಕಿಗೆ ಬಡ್ಡಿ ಲೆಕ್ಕ ಹಾಕುತ್ತಿವೆ. ಅದಕ್ಕೆ ಮುಂಚೆ ತಿಂಗಳ 10ರಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಬಾಕಿಗೆ ಮಾತ್ರ ಬಡ್ಡಿ. ಅಂಚೆ ಕಚೇರಿಯಲ್ಲಿ ಈ ಹಳೆಯ ಪದ್ಧತಿಯೇ ಮುಂದುವರಿದಿದೆ. ಒಂದನೇ ತಾರೀಖು 40,000 ರೂಪಾಯಿ ಸಂಬಳ ಬಂದು, ದಿನದಿನವೂ ಸಮನಾಗಿ ಖರ್ಚಾಗಿ ತಿಂಗಳ ಕೊನೆಗೆ 2,000 ಉಳಿಯುವ ಮನೆಯನ್ನು ಊಹಿಸಿಕೊಳ್ಳಿ. ಅಂಚೆ ಕಚೇರಿಯ ಲೆಕ್ಕಕ್ಕೆ ಬರುವುದು ಆ 2,000 ಮಾತ್ರ. ತಿಂಗಳ ಬಡ್ಡಿ 7 ರೂಪಾಯಿಯೂ ಆಗದು. ಬ್ಯಾಂಕಿನಲ್ಲಿ ಸರಾಸರಿ ಬಾಕಿ 21,000. ದರ ಕಡಿಮೆಯಾದರೂ ಬಡ್ಡಿ ಸುಮಾರು 43 ರೂಪಾಯಿ. ಓಡಾಡುವ ಹಣಕ್ಕೆ ಕಡಿಮೆ ದರದ ಬ್ಯಾಂಕೇ ಹೆಚ್ಚು ಕೊಟ್ಟಿತು! ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಯಾಕೆ ಕೇಳುವುದಿಲ್ಲವೋ ತಿಳಿಯದು.

ಆದ್ದರಿಂದ ದರ ಕಡಿಮೆಯೆಂದು ಖಾತೆ ಮುಚ್ಚಬೇಕಾಗಿಲ್ಲ. ವಿದ್ಯಾರ್ಥಿವೇತನ ಬರುವುದು, ಫೋನಿನಿಂದ ಹಣ ಪಾವತಿಯಾಗುವುದು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ಕೈಗೆ ಹಣ ಸಿಗುವುದು ಇದರಿಂದಲೇ. ಕನಿಷ್ಠ ಬಾಕಿ ಇಡಲೇಬೇಕೆಂಬ ನಿಯಮವನ್ನೂ ಸ್ಟೇಟ್ ಬ್ಯಾಂಕು 2020ರ ಮಾರ್ಚ್‌ನಲ್ಲಿ ಕೈಬಿಟ್ಟಿತು.

ನಷ್ಟವಾಗುವುದು ಓಡಾಡದ ಹಣಕ್ಕೆ. ಮಗಳು ಪಿಯುಸಿ ಸೇರಿದಾಗ, ಮುಂದೆ ಇಂಜಿನಿಯರಿಂಗ್ ಪ್ರವೇಶಕ್ಕೆಂದು ತಂದೆ 2 ಲಕ್ಷ ರೂಪಾಯಿಯನ್ನು ಉಳಿತಾಯ ಖಾತೆಯಲ್ಲೇ ಬಿಟ್ಟರೆನ್ನಿ. ಶೇಕಡಾ 2.5ರಂತೆ ಎರಡು ವರ್ಷಕ್ಕೆ ಅದು ಸುಮಾರು 2,10,220 ಆಗುತ್ತದೆ. ಅಷ್ಟರಲ್ಲಿ 2 ಲಕ್ಷವಿದ್ದ ಶುಲ್ಕ ವರ್ಷಕ್ಕೆ ಶೇಕಡಾ 5ರಂತೆ ಏರಿದರೂ ಸಾಕು, 2,20,500 ಆಗಿರುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಕೊರತೆ. ಅದೇ ಬ್ಯಾಂಕಿನ ಅದೇ ಕೌಂಟರಿನಲ್ಲಿ, ಶೇಕಡಾ 6 ಸಿಗುವ ಎರಡು ವರ್ಷದ ನಿಶ್ಚಿತ ಠೇವಣಿಗೆ ಹಾಕಿದ್ದರೆ ಸುಮಾರು 2,25,300 ಕೈಗೆ ಬರುತ್ತಿತ್ತು. ಶುಲ್ಕ ಕಟ್ಟಿ ಪುಸ್ತಕಕ್ಕೂ ಒಂದಿಷ್ಟು ಉಳಿಯುತ್ತಿತ್ತು. ನಡುವೆ ಅಗತ್ಯ ಬಿದ್ದು ಠೇವಣಿ ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಗುತ್ತದೆ, ಅಸಲು ಕರಗುವುದಿಲ್ಲ. ಭದ್ರತೆಯ ದೃಷ್ಟಿಯಿಂದಲೂ ಭೇದವಿಲ್ಲ. ಒಂದು ಬ್ಯಾಂಕಿನಲ್ಲಿ ಒಬ್ಬರಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಉಳಿತಾಯ ಖಾತೆ, ಠೇವಣಿ ಎರಡನ್ನೂ ಸೇರಿಸಿಯೇ ಲೆಕ್ಕ.

ಹಾಗಾದರೆ ಎಷ್ಟನ್ನು ಖಾತೆಯಲ್ಲಿಡಬೇಕು, ಎಷ್ಟನ್ನು ಎತ್ತಿಡಬೇಕು? ಇದಕ್ಕೆ ಯಾವ ಸಲಹೆಗಾರನೂ ಬೇಕಿಲ್ಲ. ಈ ಭಾನುವಾರ ಮಕ್ಕಳು ಕಳೆದ ಹನ್ನೆರಡು ತಿಂಗಳ ಪಾಸ್‌ಬುಕ್ ಮುಂದಿಟ್ಟುಕೊಂಡು, ಪ್ರತಿ ತಿಂಗಳ ಅತಿ ಕಡಿಮೆ ಬಾಕಿಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಲಿ. ಆ ಹನ್ನೆರಡರಲ್ಲಿ ಅತಿ ಚಿಕ್ಕ ಅಂಕಿಯೇ ವರ್ಷವಿಡೀ ಯಾರೂ ಮುಟ್ಟದೆ ಮಲಗಿದ್ದ ಹಣ. ಅದರಲ್ಲಿ ಮನೆಯ ಎರಡು ತಿಂಗಳ ಖರ್ಚನ್ನು ಕಳೆದು, ಉಳಿದದ್ದನ್ನು ತಂದೆಯವರಿಗೆ ತೋರಿಸಲಿ.