ಹೆಸರಿನ ಹಿಂದಿನ ಹೊಣೆ

ಚಿತ್ರ ಬಿಡಿಸುವುದರಿಂದ ಮನಸ್ಸಿನ ಬೇನೆ ಶಮನವಾಗಬಲ್ಲುದೇ ಎಂಬ ಪ್ರಶ್ನೆ ಈಗ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಮಾತು ಬಾರದ ಮಗುವಿನ ತಾಯಿಗೋ, ದುಃಖದಿಂದ ಮೌನಕ್ಕೆ ಶರಣಾದ ಹಿರಿಯರಿಗೋ ‘ಕಲಾಚಿಕಿತ್ಸೆ ಮಾಡಿಸಿ ನೋಡಿ’ ಎಂದು ಯಾರೋ ಹೇಳಿರುತ್ತಾರೆ. ಆಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಉಂಟು. ಕಲಾಚಿಕಿತ್ಸಕನೆಂಬ ಹೆಸರನ್ನು ಧರಿಸಿದವನು ಯಾರಿಗೆ ಉತ್ತರ ಹೇಳಬೇಕಾದವನು? ಬ್ರಿಟನ್ನಿನ ಕಲಾಚಿಕಿತ್ಸಕರು ಒಂದು ಸಂಘವನ್ನು ಕಟ್ಟಿಕೊಂಡು ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡ ಬಗೆಯನ್ನು ಓದುಗ ಬಂಧುಗಳೊಡನೆ ಈ ತಿಂಗಳು ವಿಚಾರಿಸಬಯಸುತ್ತೇವೆ.

ಏಡ್ರಿಯನ್ ಹಿಲ್ ಎಂಬ ಚಿತ್ರಕಾರರು 1938ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಮಿಡ್‌ಹರ್ಸ್ಟ್‌ನ ಆರೋಗ್ಯಧಾಮವನ್ನು ಸೇರಿದರು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿರಬೇಕಾದ ಆ ಸ್ಥಿತಿಯಲ್ಲಿ ಅವರಿಗೆ ಆಸರೆಯಾದದ್ದು ಪೆನ್ಸಿಲು ಮತ್ತು ಕಾಗದ. ತಮಗೆ ದೊರೆತ ನೆಮ್ಮದಿಯನ್ನು ಅವರು ಇತರ ರೋಗಿಗಳಿಗೂ ಹಂಚಿದರು. 1942ರಲ್ಲಿ ‘ಕಲಾಚಿಕಿತ್ಸೆ’ ಎಂಬ ಹೆಸರನ್ನು ಬಳಕೆಗೆ ತಂದವರು ಇವರೇ ಎಂದು ಹೇಳಲಾಗುತ್ತದೆ. ಮುಂದೆ 1946ರಲ್ಲಿ ಎಡ್ವರ್ಡ್ ಆಡಮ್ಸನ್ ಎಂಬ ಇನ್ನೊಬ್ಬ ಕಲಾವಿದರು ಸರ‍್ರೆ ಪ್ರಾಂತದ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು. ಅವರು ರೋಗಿಗಳಿಗೆ ಬಣ್ಣ, ಕುಂಚ, ಕಾಗದಗಳನ್ನು ಒದಗಿಸಿ, ಚಿತ್ರದ ಅರ್ಥವನ್ನು ಹೇಳಹೋಗದೆ, ಸುಮ್ಮನೆ ಜೊತೆಗಿರುತ್ತಿದ್ದರು. ಮೂರು ದಶಕಗಳಿಗೂ ಮೀರಿ ಆ ಕೋಣೆಯನ್ನು ಅವರು ಕಾಯ್ದುಕೊಂಡರು. ಅಲ್ಲಿ ಮೂಡಿದ ಸಾವಿರಾರು ಚಿತ್ರಗಳು ಅವರ ಹೆಸರಿನ ಸಂಗ್ರಹದಲ್ಲಿ ಉಳಿದುಬಂದಿವೆ.

ಇಂಥ ಸಜ್ಜನರು ಒಬ್ಬೊಬ್ಬರಾಗಿಯೇ ಮಾಡುತ್ತಿದ್ದ ಕೆಲಸಕ್ಕೆ ಸಂಘವೇಕೆ ಬೇಕಾಯಿತು? ಆ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡುವವರಿಗೆ ನಿಶ್ಚಿತವಾದ ಸ್ಥಾನವಿರಲಿಲ್ಲ. ಒಂದೆಡೆ ಶಿಕ್ಷಕರೆಂದೂ, ಇನ್ನೊಂದೆಡೆ ಬೇರೆ ವಿಭಾಗದ ಸಹಾಯಕರೆಂದೂ ಅವರನ್ನು ಎಣಿಸುತ್ತಿದ್ದರು. ಏನು ಕಲಿತಿರಬೇಕೆಂಬ ನಿಯಮವಿಲ್ಲ, ರೋಗಿಯ ಗುಟ್ಟನ್ನು ಕಾಯಬೇಕೆಂಬ ಸಮಾನ ಕಟ್ಟುಪಾಡಿಲ್ಲ, ತಪ್ಪು ನಡೆದರೆ ದೂರು ಕೊಡುವ ಸ್ಥಳವಿಲ್ಲ. 1964ರಲ್ಲಿ ಬ್ರಿಟಿಷ್ ಕಲಾಚಿಕಿತ್ಸಕರ ಸಂಘವು ಸ್ಥಾಪಿತವಾಯಿತು. ಆಡಮ್ಸನ್ನರು ಅದರ ಸ್ಥಾಪಕರಲ್ಲೊಬ್ಬರು. ಸಂಘವು ತರಬೇತಿಯ ಮಟ್ಟವನ್ನು ನಿಗದಿಪಡಿಸಲು, ನೀತಿಸಂಹಿತೆಯನ್ನು ರೂಪಿಸಲು, ಸ್ವಂತ ಪತ್ರಿಕೆಯ ಮೂಲಕ ಅನುಭವಗಳನ್ನು ಪರಸ್ಪರ ಪರೀಕ್ಷೆಗೆ ಒಡ್ಡಲು ತೊಡಗಿತು. ಫಲವು ಬೇಗನೆ ಬರಲಿಲ್ಲ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಈ ವೃತ್ತಿಗೆ ಮನ್ನಣೆ ದೊರೆತದ್ದು 1982ರಲ್ಲಿ. ಕಾನೂನಿನ ನೋಂದಣಿಗೆ ದಾರಿ ತೆರೆದದ್ದು 1997ರಲ್ಲಿ. ಸ್ಥಾಪನೆಯಿಂದ ಎಣಿಸಿದರೆ ಮೂವತ್ಮೂರು ವರ್ಷಗಳ ತಾಳ್ಮೆಯ ದುಡಿಮೆಯದು.

ಇಂದು ಅಲ್ಲಿ ನೋಂದಾಯಿತರಲ್ಲದವರು ಕಲಾಚಿಕಿತ್ಸಕರೆಂದು ಹೇಳಿಕೊಳ್ಳುವುದು ಅಪರಾಧ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನೋಂದಣಿಯನ್ನು ನಡೆಸುವುದು ಸಂಘವಲ್ಲ, ಕಾನೂನಿನಿಂದ ರಚಿತವಾದ ಪ್ರತ್ಯೇಕ ಮಂಡಳಿ. ಸಂಘದ ಸದಸ್ಯತ್ವವು ಸ್ವಇಚ್ಛೆಯದು. ವೃತ್ತಿಯವರ ಪರವಾಗಿ ಮಾತನಾಡುವುದು ಸಂಘದ ಕೆಲಸವಾದರೆ, ವೃತ್ತಿಯವರಿಂದ ಸಾರ್ವಜನಿಕರನ್ನು ಕಾಪಾಡುವುದು ಮಂಡಳಿಯ ಕೆಲಸ. ಈ ಎರಡನ್ನೂ ಒಂದೇ ಕೈಗೆ ಒಪ್ಪಿಸದಿರುವುದು ವಿವೇಕವೆಂದೇ ನಮ್ಮ ಅಭಿಪ್ರಾಯ.

ಆದರೆ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಸಾಗಲಾಗದು. ಈಗ ಆ ನೋಂದಣಿಗೆ ಸ್ನಾತಕೋತ್ತರ ಮಟ್ಟದ ತರಬೇತಿ ಬೇಕು. ಹಿಲ್ ಮತ್ತು ಆಡಮ್ಸನ್ನರು ಇಂದು ಬಂದು ನಿಂತರೆ ಅವರಿಗೇ ಬಾಗಿಲು ತೆರೆಯದು! ದಾರಿ ಮಾಡಿದವರನ್ನೇ ಹೊರಗಿಡುವ ನಿಯಮ ನ್ಯಾಯವೇ? ನ್ಯಾಯವೆಂದೇ ನಾವು ಹೇಳುತ್ತೇವೆ. ಮೊದಲಿಗರ ಬಳಿ ಇದ್ದದ್ದು ಸ್ವಭಾವದ ಸದ್ಗುಣ. ಅದು ಎಲ್ಲರಲ್ಲಿಯೂ ಇರುವುದೆಂದು ನಂಬಿ ಬೇನೆಯಿಂದ ಬಳಲುವವರನ್ನು ಒಪ್ಪಿಸಲಾಗದು. ಮನಸ್ಸಿನ ಗಾಯವು ಕಾಗದದ ಮೇಲೆ ಮೂಡಿದಾಗ ಅದನ್ನು ಕಂಡವನು ಅವಸರದಿಂದ ಅರ್ಥ ಹೇಳಿದರೆ, ಇಲ್ಲವೇ ನಾಲ್ಕು ಜನರಿಗೆ ತೋರಿಸಿದರೆ, ಗಾಯವು ಇನ್ನಷ್ಟು ಆಳವಾಗುವುದು. ಆದರೂ ಪದವಿಪತ್ರವೊಂದೇ ಸಾಲದು. ಆಡಮ್ಸನ್ನರಂತೆ ಮೌನವಾಗಿ ಜೊತೆಗಿರುವ ಶೀಲವನ್ನು ಕಲಿಸದ ತರಬೇತಿ ಬರಿಯ ಬೇಲಿಯಾದೀತು. ಸದಸ್ಯರ ವೇತನವನ್ನಷ್ಟೇ ಕಾಯುವ ಸಂಘವೂ ಅಂತೆಯೇ.

ನಮ್ಮ ದೇಶದಲ್ಲಿ 2021ರಲ್ಲಿ ಬಂದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ತನ್ನ ಅನುಸೂಚಿಯಲ್ಲಿ ಕಲೆ ಮತ್ತು ನೃತ್ಯಗಳ ಚಿಕಿತ್ಸಕರನ್ನೂ ಹೆಸರಿಸಿದೆ. ಅಕ್ಷರಕ್ಕೆ ಜೀವ ತುಂಬಬೇಕಾದವರು ಆ ವೃತ್ತಿಯವರೇ. ಅವರು ಒಗ್ಗೂಡಿ ತಮ್ಮ ಮೇಲೆ ತಾವೇ ಕಟ್ಟುಪಾಡು ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಗೃಹಸ್ಥರು ಮಾಡಬಹುದಾದದ್ದು ಇಷ್ಟು. ಮಗುವನ್ನೋ ಹಿರಿಯರನ್ನೋ ಒಪ್ಪಿಸುವ ಮೊದಲು ಸಂಕೋಚವಿಲ್ಲದೆ ಕೇಳಿರಿ: ತಾವು ಎಲ್ಲಿ, ಎಷ್ಟು ಕಾಲ ಕಲಿತಿರಿ? ತಮ್ಮ ಕೆಲಸವನ್ನು ಪರಿಶೀಲಿಸುವ ಹಿರಿಯರು ಯಾರು? ಬಿಡಿಸಿದ ಚಿತ್ರಗಳು ಯಾರ ವಶದಲ್ಲಿರುತ್ತವೆ? ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸೆಂದು ಹೇಳುವಿರಾ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಮಗುವಿನ ಕೈ ಹಿಡಿದು ಮನೆಗೆ ಮರಳಿರಿ. ಈ ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸುವವರು ದೊರೆತರೆ ಅವರನ್ನು ಗೌರವದಿಂದ ಕಾಣಿರಿ.