ಅಲ್ಲಿ ಪ್ರಾಂತ್ಯಕ್ಕೆ ಮತ, ಇಲ್ಲಿ ಜಿಲ್ಲೆಗೆ ಬೀಗ

ನೆದರ್ಲೆಂಡ್ಸ್‌ನ ರೈತರು 2022ರ ಬೇಸಿಗೆಯಲ್ಲಿ ಟ್ರ್ಯಾಕ್ಟರುಗಳನ್ನು ಹೆದ್ದಾರಿಗೆ ತಂದು ನಿಲ್ಲಿಸಿದ್ದರು. ಸಾರಜನಕ ಹೊರಸೂಸುವಿಕೆಯನ್ನು 2030ರೊಳಗೆ ಅರ್ಧಕ್ಕಿಳಿಸುವ ಸರ್ಕಾರದ ಯೋಜನೆ ಹೈನುಗಾರರ ಬದುಕನ್ನೇ ಕಸಿಯುತ್ತದೆ ಎಂಬುದು ಅವರ ಆತಂಕ. 2023ರ ಮಾರ್ಚ್ 15ರಂದು ಆ ಸಿಟ್ಟು ಮತಗಟ್ಟೆಗೆ ಬಂತು. 2019ರಲ್ಲಿ ಹುಟ್ಟಿ, ಕೆಳಮನೆಯಲ್ಲಿ ಒಂದೇ ಸ್ಥಾನ ಹೊಂದಿದ್ದ ರೈತರ ಪಕ್ಷ ಬಿಬಿಬಿ, ದೇಶದ ಬಹುತೇಕ ಪ್ರಾಂತ್ಯಗಳಲ್ಲಿ ಎಲ್ಲರನ್ನೂ ಹಿಂದಿಕ್ಕಿತು. ರಾಜಕೀಯದ ಅನುಭವವೇ ಇಲ್ಲದ ಹಲವು ಊರ ಮುಖಂಡರು ಪ್ರಾಂತೀಯ ಸಭೆಗೆ ಹೋದರು.

ಅವರು ಪ್ರಾಂತ್ಯದ ಕಣವನ್ನೇ ಹಿಡಿದದ್ದು ಸರಿಯಾಗಿತ್ತು. ನಮ್ಮ ಜಿಲ್ಲಾ ಪಂಚಾಯಿತಿಯನ್ನು ಹೋಲುವ ಈ ಪ್ರಾಂತೀಯ ಸಭೆ ಭೂಬಳಕೆ, ನಿಸರ್ಗ ಸಂರಕ್ಷಣೆ, ಪ್ರಾಂತೀಯ ರಸ್ತೆಗಳನ್ನು ನೋಡಿಕೊಳ್ಳುತ್ತದೆ. ಸಾರಜನಕದ ಯೋಜನೆಯನ್ನು ಊರೂರಿಗೆ ಇಳಿಸುವ ಹೊಣೆಯೂ ಅದರದ್ದೇ. ಇನ್ನೂ ದೊಡ್ಡ ಮಾತೆಂದರೆ, 75 ಸದಸ್ಯರ ಮೇಲ್ಮನೆಯನ್ನು ಆರಿಸುವವರು ಈ ಪ್ರಾಂತೀಯ ಸದಸ್ಯರು. ಅದೇ ವರ್ಷದ ಮೇ ತಿಂಗಳಲ್ಲಿ ಬಿಬಿಬಿ ಅಲ್ಲಿ 16 ಸ್ಥಾನ ಪಡೆದು ಅತಿದೊಡ್ಡ ಪಕ್ಷವಾಯಿತು. ಆಮೇಲೆ ಅದರ ಬಲ ಕುಗ್ಗಿತು, ನಿಜ. ಆದರೆ ಹಳ್ಳಿಯ ದೂರು ಮೂರು ತಿಂಗಳೊಳಗೆ ಮೇಲ್ಮನೆಯ ಒಳಗೆ ಹೋಗಿ ಕೂತದ್ದು ಸುಳ್ಳಾಗುವುದಿಲ್ಲ.

ಪಕ್ಷದ ಪಟ್ಟಿಯ ತುದಿಯಲ್ಲಿರುವ ಅಭ್ಯರ್ಥಿಗೂ ಅಲ್ಲಿ ದಾರಿಯಿದೆ. ಒಂದು ಸ್ಥಾನಕ್ಕೆ ಬೇಕಾದ ಮತಗಳ ಕಾಲು ಭಾಗ ಅವರ ಹೆಸರಿಗೇ ಬಿದ್ದು, ಪಕ್ಷಕ್ಕೆ ಸ್ಥಾನ ಸಿಕ್ಕಿದ್ದರೆ, ಅವರು ಮೇಲಿನವರನ್ನು ದಾಟಿ ಗೆಲ್ಲಬಹುದು. ಜನರ ನಡುವೆ ದುಡಿದವರಿಗೆ ಇದು ದೊಡ್ಡ ಆಸರೆ.

ಐಂಡ್‌ಹೋವನ್, ಆಮ್‌ಸ್ಟಲ್‌ವೇನ್‌ ಎಂಬ ಡಚ್ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಪಾಡು ಬೇರೆ. ಐದು ವರ್ಷ ಕಾನೂನುಬದ್ಧವಾಗಿ ವಾಸವಿದ್ದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಗರಸಭೆಗೆ ಮತ ಹಾಕಬಹುದು, ಸ್ಪರ್ಧಿಸಲೂಬಹುದು. ಪ್ರಾಂತ್ಯಕ್ಕಾದರೆ ಡಚ್ ಪೌರತ್ವವೇ ಬೇಕು. ಅದನ್ನು ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಹಾಗಾಗಿ ಅಲ್ಲಿನ ಕನ್ನಡ ಸಂಘಗಳಲ್ಲಿ ದುಡಿದು ಹೆಸರಾದವರು ಮೊದಲು ನಗರಸಭೆಯತ್ತ ನೋಡಬೇಕು. ರಾಜ್ಯೋತ್ಸವದ ವೇದಿಕೆಗೆ ನಗರಸಭೆಯವರನ್ನು ಅತಿಥಿಗಳಾಗಿ ಕರೆಯುವುದರಲ್ಲೇ ತೃಪ್ತಿಪಡುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿ ಕರ್ನಾಟಕದ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹಟದಿಂದ 1987ರಲ್ಲೇ ಚುನಾಯಿತ ಜಿಲ್ಲಾ ಪರಿಷತ್ತುಗಳನ್ನು ಕಂಡ ನಾಡು ನಮ್ಮದು. ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಬಳಿಕ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತ ವರ್ಷಗಳೇ ಉರುಳಿದವು. ಆಡಳಿತ ಅಧಿಕಾರಿಗಳ ಕೈ ಸೇರಿತು. ಸರ್ಕಾರ ಬದಲಾದರೂ ಈ ಚಾಳಿ ಬದಲಾಗಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಒಳ್ಳೆಯ ಕೆಲಸ ಮಾಡಿ, ಇಡೀ ಜಿಲ್ಲೆಯ ಕುಡಿಯುವ ನೀರಿನ, ಶಾಲೆಗಳ ಲೆಕ್ಕ ಕೇಳಬಲ್ಲ ಹೆಣ್ಣುಮಗಳೊಬ್ಬಳು ಸ್ಪರ್ಧಿಸುವುದಾದರೂ ಎಲ್ಲಿ? ವಿಧಾನಸಭೆ ಟಿಕೆಟ್ಟಿಗೆ ಬೇಕಾದ ಹಣ, ಮನೆತನ ಅವಳಿಗಿರುವುದಿಲ್ಲ.

ಡಚ್ ಮೇಲ್ಮನೆಯಂತೆ ನಮ್ಮ ವಿಧಾನ ಪರಿಷತ್ತಿನಲ್ಲೂ 75 ಸ್ಥಾನಗಳಿವೆ. ಅವುಗಳಲ್ಲಿ 25ನ್ನು ತುಂಬುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. 2021ರ ಡಿಸೆಂಬರಿನಲ್ಲಿ ಆ ಚುನಾವಣೆ ನಡೆದಾಗ ಮತ ಹಾಕಲು ಜಿಲ್ಲಾ ಪಂಚಾಯಿತಿ ಸದಸ್ಯರೇ ಇರಲಿಲ್ಲ. ಆಗ ಗೆದ್ದವರ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಅದಕ್ಕೆ ಮುಂಚೆ ಜಿಲ್ಲೆಗಳಿಗೆ ಚುನಾಯಿತ ಸದಸ್ಯರು ಬರಲೇಬೇಕು.