ಹಳೆಯ ಕಡತಕ್ಕೆ ಹೊಸ ಬಾಗಿಲು

ಕಳೆದ ದೀಪಾವಳಿಯಂದು ಅಕ್ಕಲಕೋಟೆಯ ನನ್ನ ಮನೆಯಲ್ಲಿ ಹಳೆಯ ಸಿ.ಡಿ.ಯೊಂದನ್ನು ಹೊರತೆಗೆದೆ. ನಮ್ಮ ಭಾಗದ ಹಂತಿಯ ಹಾಡುಗಳನ್ನು ಸಂಗ್ರಹಿಸಿ, ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ ಅದರಲ್ಲಿ ಇರಿಸಿದ್ದೆ. ಮೊಮ್ಮಗಳು ತನ್ನ ಗಣಕದಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ರೋಮನ್ ಲಿಪಿಯ ಅರ್ಥಹೀನ ಸಾಲುಗಳು. “ಅಜ್ಜಾ, ಇದು ಹಳೇದು. ಹೊಸದಾಗಿ ಟೈಪ್ ಮಾಡಸ್ರಿ” ಎಂದಳು. ಕೈಬರಹದ ವಹಿ ಗೆದ್ದಲಿಗೆ ಆಹುತಿಯಾಗಿದೆ. ಹಾಡಿದವರಲ್ಲಿ ಹಲವರು ಇಂದಿಲ್ಲ. ಏನನ್ನು ನೋಡಿ ಮಾಡಿಸಲಿ?

ಕಾರಣ ಸರಳ. ಅಂದಿನ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ‘ನುಡಿ’ಯಲ್ಲಿ ‘ಕ’ದ ಒಡಲು ಇಂಗ್ಲಿಷಿನ ‘ಪಿ’ಯ ಸ್ಥಾನದಲ್ಲಿದೆ, ತಲೆಕಟ್ಟು ಬೇರೊಂದು ಸ್ಥಾನದಲ್ಲಿದೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕನ್ನಡವೂ ಇಲ್ಲ. ಯುನಿಕೋಡ್ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸ್ಥಾನ ನೀಡಿ ಈ ಕೊರತೆಯನ್ನು ನೀಗಿಸಿತು.

ಈಗ ನಮ್ಮಲ್ಲಿ ಎರಡು ಪಂಗಡಗಳಿವೆ. ಹಳೆಯದನ್ನು ಬಿಟ್ಟುಬಿಡಿ ಎನ್ನುವವರು ಒಂದು ಕಡೆ. ಹಳೆಯದೇ ಸಾಕು, ಯುನಿಕೋಡ್ ಬೇಡ ಎನ್ನುವವರು ಇನ್ನೊಂದು ಕಡೆ. ಮೊದಲಿನವರು ನಿನ್ನೆಯ ಬರಹವನ್ನು ಹೂಳುತ್ತಾರೆ, ಎರಡನೆಯವರು ನಾಳಿನ ಓದುಗನನ್ನು ಹೊರಗಿಡುತ್ತಾರೆ. ಇಬ್ಬರ ವಾದವನ್ನೂ ನಾನು ಒಪ್ಪಲಾರೆ.

ಬಲ್ಲವರ ನಡೆಯನ್ನು ನೋಡಿ. ಯುನಿಕೋಡಿನಲ್ಲಿ ನಮ್ಮ ಹಳಗನ್ನಡದ ‘ೞ’ ಅಕ್ಷರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಅದನ್ನು ನಂಬಿ ರಚಿತವಾದ ತಂತ್ರಾಂಶಗಳು ಕೆಡಬಾರದಲ್ಲ! ಆದ್ದರಿಂದ ಹಳೆಯ ಹೆಸರನ್ನು ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಜೋಡಿಸಿದರು. ಪೈಥಾನ್ ಎಂಬ ಮುಕ್ತ ತಂತ್ರಾಂಶ ಭಾಷೆಯವರು 2008ರಲ್ಲಿ ಹಳೆಯದಕ್ಕೆ ಹೊಂದದ ಹೊಸ ಆವೃತ್ತಿಯನ್ನು ತಂದರು. ಆದರೂ ಹಳೆಯದನ್ನು 2020ರ ಆರಂಭದವರೆಗೆ ಪೋಷಿಸಿದರು.

ಹಳೆಯದೆಲ್ಲವನ್ನೂ ಎಂದೆಂದಿಗೂ ಹೊರುವುದು ಸಾಧ್ಯವೇ ಎಂದು ಕೇಳುವಿರಿ. ಸಾಧ್ಯವಿಲ್ಲ, ಮುಕ್ತ ತಂತ್ರಾಂಶ ಕಟ್ಟುವವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವ ತರುಣರು, ನಮ್ಮ ಆಳುಗಳಲ್ಲ. ಆದುದರಿಂದ ನನ್ನ ಬೇಡಿಕೆ ಚಿಕ್ಕದು: ಹಳೆಯದರಲ್ಲಿ ಬರೆಯುವ ಸೌಲಭ್ಯ ಬೇಡ, ಹಳೆಯದನ್ನು ಓದುವ ದಾರಿ ಬೇಕು. ನೆರೆಯ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳನ್ನು ತಾಡೋಲೆಯಿಂದ ಮುದ್ರಣಕ್ಕೆ ತಂದರು. ಮುದ್ರಣಯಂತ್ರ ಬಂದಿತೆಂದು ಅವರು ಓಲೆಯನ್ನು ಎಸೆಯಲಿಲ್ಲ. ಓಲೆ ಇದೆಯೆಂದು ಯಂತ್ರವನ್ನು ದೂರವಿಡಲಿಲ್ಲ. ಎಸೆದಿದ್ದರೆ ಸೊನ್ನಲಿಗೆಯ ಸಿದ್ಧರಾಮನ ಎಷ್ಟು ವಚನಗಳು ಇಂದು ನಮ್ಮ ಕೈಸೇರುತ್ತಿದ್ದವು?

ಹಳೆಯ ಕಡತಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ತರುಣರು ರಚಿಸಿ, ಮೂಲಸಂಕೇತವನ್ನೂ ಬಹಿರಂಗಪಡಿಸಿದ್ದಾರೆ. ಮೊಮ್ಮಗಳು ಅಂಥದೊಂದರಿಂದ ನನ್ನ ಹಾಡುಗಳನ್ನು ಮರಳಿ ತಂದಳು. ಅಲ್ಲಲ್ಲಿ ಅರ್ಕಾವತ್ತು ಸ್ಥಳ ತಪ್ಪಿತ್ತು, ತಿದ್ದಿಕೊಂಡೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆ, ಸಂಘಗಳ ಕಪಾಟುಗಳಲ್ಲಿ ಇಂಥ ಸಿ.ಡಿ.ಗಳು ಇನ್ನೆಷ್ಟಿವೆಯೋ! ಗಡಿನಾಡ ಕನ್ನಡ ಅಳಿಯಿತೆಂದು ವೇದಿಕೆಯಲ್ಲಿ ಮರುಗುವ ನಾವು, ಮುಂದಿನ ಸಮ್ಮೇಳನದೊಳಗೆ ಅವುಗಳನ್ನು ಪರಿವರ್ತಿಸೋಣ. ತಲಾ ಹತ್ತು ಪುಟ ತಿದ್ದೋಣ. ಕಂಡ ದೋಷಗಳನ್ನು ತಂತ್ರಾಂಶ ಕಟ್ಟಿದವರಿಗೆ ತಿಳಿಸೋಣ. ಇಷ್ಟನ್ನೂ ಮಾಡದವರಿಗೆ ಮರುಗುವ ಹಕ್ಕಿಲ್ಲ.